ಮೂತಿ ಲಾರಿಯ ಚಾಸಿ ನಂಬರು

"ನಿಮ್ಮಪ್ಪ ಭಲೇ ಡ್ರೈವರ್ ಕಣ್ಲಾ ಮುನೀಂದ್ರ! ನಮ್ಮಪ್ಪ ಸಂಬಳ ಕೊಟ್ಟು ಇಕ್ಕೊಂಡಿದ್ದ. ಆ ಕಾಲಕ್ಕೇ!"

ಆರ್‌ಟಿಓ ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ, ಏಜೆಂಟರು, ಡ್ರೈವರುಗಳೆಲ್ಲ ಕಿವಿ ತೆರೆದು ನಿಂತಿದ್ದಾಗ, ಕೆಂಪಣ್ಣ ಈ ಮಾತು ಆಡಿದ. ಆಡಿದ್ದಲ್ಲದೆ ಮುನೀಂದ್ರನ ಬೆನ್ನು ಬೇರೆ ತಟ್ಟಿದ. ಬಂಗಾರಪೇಟೆಯಲ್ಲಿ ತಾಯಿಯ ಹೆಸರಲ್ಲಿ ದ್ಯಾವಮ್ಮ ಕಲ್ಯಾಣ ಮಂಟಪ ಕಟ್ಟಿಸಿದ ದೊಡ್ಡ ಮನುಷ್ಯ. ಅಂಥವನು ಬೆನ್ನು ತಟ್ಟಿದರೆ ಸುತ್ತ ಇದ್ದವರು ನಗಬೇಕು. ನಕ್ಕರು. ಮುನೀಂದ್ರನೂ ನಕ್ಕ.

"ಗಾಡಿ ಇನ್ನೂ ನಮ್ಮ ತೋಟದ ಶೆಡ್ಡಾಗೇ ಐತೆ. ಫಾರ್ಗೋ, ಮೂತಿ ಲಾರಿ," ಎಂದು ಕೆಂಪಣ್ಣ ಮುಂದುವರಿಸಿದ. "ಒರಗೆ ಎಳಸಿ, ರಿಪೇರಿ ಮಾಡ್ಸಿ, ಬಣ್ಣ ಒಡ್ಸಿ ಮಂಟಪದ ಅಂಗಳದಾಗೆ ನಿಲ್ಲಿಸ್ತೀನಿ. ಮೂತಿ ಮ್ಯಾಲೆ ನಮ್ಮಪ್ಪನ ಎಸರು. ಬಂದೋರೆಲ್ಲ ಪೋಟೋ ಇಡ್ಕೊಳ್ಲಿ. ಏನಂತೀಯಾ?"

"ಸಂದಾಕಿರ್ತದೆ ಮಾವ," ಎಂದ ಮುನೀಂದ್ರ.

ಸಂದಾಕಿರ್ತದಂತೆ! ಆ ಲಾರಿ ಕೆಂಪಣ್ಣನ ಅಪ್ಪನದೂ ಅಲ್ಲ, ಅವನ ತಾತನದೂ ಅಲ್ಲ. ಮುನೀಂದ್ರನ ಅಪ್ಪ ದೊಡ್ಡವೆಂಕಟಪ್ಪ ಹೊಟ್ಟೆಬಟ್ಟೆ ಕಟ್ಟಿ ಕೊಂಡ ಗಾಡಿ ಅದು. ಕಾಮಸಮುದ್ರದ ಕಡೆಯಿಂದ ನೀಲಗಿರಿ ಕಂಬ ತುಂಬಿಕೊಂಡು ಕೆಜಿಎಫ್ ಗಣಿಗೆ ಹೊಡೆಯುತ್ತಿದ್ದ. ಕೆಂಪಣ್ಣ ಅದೇ ಗಾಡಿಯಲ್ಲಿ ಕ್ಲೀನರ್. ಚಕ್ರಕ್ಕೆ ಕಲ್ಲು ಕೊಟ್ಟು, ರೇಡಿಯೇಟರಿಗೆ ನೀರು ಹುಯ್ದು, ದೊಡ್ಡವೆಂಕಟಪ್ಪನ ಮನೆಯಲ್ಲೇ ಮುದ್ದೆ ಉಂಡು ಬೆಳೆದವನು. ದೊಡ್ಡವೆಂಕಟಪ್ಪ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ಇದೇ ಕೆಂಪಣ್ಣ ಖಾಲಿ ಕಾಗದ ಹಿಡಿದುಕೊಂಡು ಬಂದಿದ್ದ. "ಗಾಡಿ ಎಫ್‌ಸಿ ಮುಗೀತದೆ ಯೆಂಕಟಪ್ಪಣ್ಣ, ನಾನು ಮಾಡಿಸ್ಕೊಂಡು ಬತ್ತೀನಿ, ಇಲ್ಲೊಂದು ಸಯಿನ್ ಆಕು" ಎಂದಿದ್ದ. ಅಪ್ಪ ಹಾಕಿದ. ಕಾಲು ನೆಟ್ಟಗಾಗಿ ಮನೆಗೆ ಬಂದಾಗ ಗಾಡಿ ಕೆಂಪಣ್ಣನ ಹೆಸರಿಗೆ ಹೋಗಿತ್ತು.

ಮಾರಿದ್ದೀಯ, ಸಹಿ ಹಾಕಿದ್ದೀಯ, ಇನ್ನೇನು ತಕರಾರು ಎಂದರು ಪಂಚಾಯ್ತಿಯವರು. ಅಪ್ಪ ಆಮೇಲೆ ಬಹಳ ವರ್ಷ ಬದುಕಿದ್ದ, ಆದರೆ ಬದುಕಿದ್ದವನ ಹಾಗೆ ಇರಲಿಲ್ಲ. ಕುಂಟಿಕೊಂಡು ಕೆಂಪಣ್ಣನ ತೋಟದ ಬೇಲಿಯವರೆಗೆ ಹೋಗಿ, ಟಾರ್ಪಾಲಿನ ಕೆಳಗೆ ನಿಂತ ಗಾಡಿಯ ಮೂತಿ ನೋಡಿ ವಾಪಸು ಬರುತ್ತಿದ್ದ. ಊರೆಲ್ಲ ಅದನ್ನು ಕಂಡಿತ್ತು. ಅಂಥ ಅಪ್ಪನನ್ನು ಈ ಬೇವರ್ಸಿ ಟೀ ಅಂಗಡಿಯಲ್ಲಿ ನಿಂತು ಸಂಬಳದ ಡ್ರೈವರ್ ಮಾಡಿಬಿಟ್ಟ. ಗಾಡಿ ಕದ್ದದ್ದು ಸಾಲದು ಅಂತ ಕತೆಯನ್ನೂ ಕದ್ದ. ಕಾಗದದಿಂದ ಹೋದ ಗಾಡಿಯನ್ನು ಕಾಗದದಿಂದಲೇ ತರಬೇಕು, ಕೆಂಪಣ್ಣನ ಕೈಗೆ ಕೋಳ ಬೀಳಬೇಕು ಎಂದು ಮುನೀಂದ್ರ ಆವತ್ತು ಟೀ ಲೋಟ ಕೆಳಗಿಡುವಷ್ಟರಲ್ಲಿ ತೀರ್ಮಾನ ಮಾಡಿದ.

ಕಾಗದದ ವಿಷಯಕ್ಕೆ ಬಂದರೆ ಸುತ್ತಮುತ್ತ ಅವನನ್ನು ಮೀರಿಸುವವರಿರಲಿಲ್ಲ. ಅಪ್ಪನಿಗಾದದ್ದನ್ನು ನೋಡಿಯೇ ಅವನು ಈ ಕಸುಬಿಗೆ ಇಳಿದದ್ದು. ಆಂಡರ್ಸನ್‌ಪೇಟೆಯಲ್ಲಿ ತಾಯಿಯ ಜೊತೆ ಇದ್ದುಕೊಂಡು, ಹಳೇ ಗಾಡಿಗಳ ದಾಖಲೆ ಸರಿಮಾಡಿಸಿಕೊಡುವುದು ಅವನ ಕೆಲಸ. ಉಳಿದ ಏಜೆಂಟರು ಗಾಡಿಯ ಹತ್ತಿರವೂ ಹೋಗದೆ ಹಳೇ ಜೆರಾಕ್ಸ್ ಲಗತ್ತಿಸುತ್ತಿದ್ದರು. ಮುನೀಂದ್ರ ಹಾಗಲ್ಲ. ಅಂಗಿ ಬಿಚ್ಚಿ ಗಾಡಿಯ ಕೆಳಗೆ ನುಗ್ಗಿ, ಗಾಡಿಯ ತಳಕಟ್ಟಾದ ಚಾಸಿಯ ಮೇಲಿನ ಮಣ್ಣು ಒರೆಸಿ, ಕೊರೆದ ನಂಬರಿನ ಮೇಲೆ ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಿದ್ದ. ತೆಗೆದ ಮೇಲೆ ತುಕ್ಕು ಹಿಡಿಯದಿರಲೆಂದು ಅದಕ್ಕೆ ಗ್ರೀಸ್ ಸವರುತ್ತಿದ್ದ. ಕಡೆಗೆ ಪ್ಯಾಂಟಿನ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ಹರಳೆಣ್ಣೆಯಲ್ಲಿ ಕಲಸಿದ ಕುಂಕುಮದಿಂದ ನಂಬರಿನ ಪಕ್ಕ ಒಂದು ಬೊಟ್ಟಿಟ್ಟು ಹೊರಗೆ ಬರುತ್ತಿದ್ದ. ಅಪ್ಪ ದಿನಾ ಬೆಳಿಗ್ಗೆ ಲಾರಿಗೆ ಹಾಗೇ ಇಡುತ್ತಿದ್ದನಂತೆ. "ಗಾಡಿ ಅಂದ್ರೆ ಲಕ್ಷ್ಮಿ ಕಣ್ಲಾ, ಮುಟ್ಟಿದ ಮ್ಯಾಲೆ ಬರಿಗೈಲಿ ಬರಬ್ಯಾಡ" ಎಂದು ತಾಯಿ ಮುತ್ಯಾಲಮ್ಮ ಆ ಡಬ್ಬಿಯನ್ನು ತಾನೇ ತುಂಬಿಸಿ ಕೊಡುತ್ತಿದ್ದಳು.

ಆರ್‌ಟಿಓ ಆಫೀಸಿನ ಇನ್ಸ್‌ಪೆಕ್ಟರ್ ಶಶಿರೇಖ ಅವರು ಶಿವಮೊಗ್ಗ ಕಡೆಯವರು, ಬಂದು ಸ್ವಲ್ಪ ಕಾಲವಾಗಿತ್ತು. ಕೆಲಸದಲ್ಲಿ ಕಟ್ಟುನಿಟ್ಟು, ಬಾಯಲ್ಲಿ ತಮಾಷೆ. "ಏನ್ರೀ ಮುನೀಂದ್ರ, ಗಾಡಿಗೆ ಮದುವೆ ಮಾಡಿಸ್ತೀರೋ ರಿಜಿಸ್ಟ್ರೇಷನ್ ಮಾಡಿಸ್ತೀರೋ?" ಎಂದು ಆ ಬೊಟ್ಟು ಕಂಡಾಗೆಲ್ಲ ರೇಗಿಸುತ್ತಿದ್ದರು. ಆದರೆ ಅವನು ಕೊಟ್ಟ ಅಚ್ಚಿನ ಪ್ರಿಂಟನ್ನು ಎರಡನೇ ಸಲ ನೋಡುತ್ತಿರಲಿಲ್ಲ. ಆ ನಂಬಿಕೆ ಮುಂದೆ ಉಪಯೋಗಕ್ಕೆ ಬರುತ್ತದೆ ಎಂದು ಮುನೀಂದ್ರ ಲೆಕ್ಕ ಹಾಕಿಕೊಂಡಿದ್ದ.

ಉಪಾಯ ಅವನಿಗೆ ಹೊಳೆದದ್ದು ಆಂಡರ್ಸನ್‌ಪೇಟೆಯ ವೆಂಕಟರತ್ನಮ್ಮನ ಮನೆಯಲ್ಲಿ. ಆಕೆಯ ಗಂಡನಿಗೂ ಒಂದು ಫಾರ್ಗೋ ಲಾರಿ ಇತ್ತು. ಅವನು ಸತ್ತ ಮೇಲೆ ಅದನ್ನು ಗುಜರಿಯವರು ತುಂಡು ತುಂಡು ಮಾಡಿ ಹೊತ್ತುಕೊಂಡು ಹೋಗಿದ್ದರು. ಗಾಡಿ ಹೋಯಿತು, ಅದರ ಆರ್‌ಸಿ ಪುಸ್ತಕ ಮಾತ್ರ ಟ್ರಂಕಿನಲ್ಲಿ ಹಾಗೇ ಉಳಿಯಿತು. ಆಫೀಸಿನಲ್ಲಿ ಅದನ್ನು ಯಾರೂ ರದ್ದು ಮಾಡಿಸಿರಲಿಲ್ಲ. ಅಂದರೆ ಕಾಗದದ ಲೋಕದಲ್ಲಿ ಆ ಲಾರಿ ಇನ್ನೂ ಬದುಕಿತ್ತು. ಅದಕ್ಕೆ ಒಂದು ನಂಬರಿತ್ತು, ದೇಹ ಇರಲಿಲ್ಲ. ಕೆಂಪಣ್ಣನ ಶೆಡ್ಡಿನಲ್ಲಿ ದೇಹವಿತ್ತು.

ಇದನ್ನು ಯೋಚಿಸಿದಾಗ ಮುನೀಂದ್ರನಿಗೆ ಮೈ ಜುಮ್ಮೆಂದಿತು. ವೆಂಕಟರತ್ನಮ್ಮನ ಗಾಡಿಯನ್ನು ಮೊದಲು ತನ್ನ ಹೆಸರಿಗೆ ಮಾಡಿಕೊಳ್ಳುವುದು. ಕಾಗದ ಸರಿಯಿದ್ದರೆ ಅದಕ್ಕೆ ಗಾಡಿ ತಂದು ತೋರಿಸಬೇಕಿಲ್ಲ. ಆಮೇಲೆ ನನ್ನ ಲಾರಿ ಕಳುವಾಗಿದೆ ಎಂದು ಪೊಲೀಸ್ ದೂರು. ಆಮೇಲೆ ಅಪ್ಪನ ಲಾರಿಯ ಚಾಸಿಯ ಮೇಲಿನ ನಂಬರು ಉಜ್ಜಿ ತೆಗೆದು, ಅಲ್ಲಿ ಈ ನಂಬರು ಕೊರೆಯುವುದು. ಕೆಂಪಣ್ಣ ಠೀವಿಯಿಂದ ಗಾಡಿಯನ್ನು ತಪಾಸಣೆಗೆ ತರುತ್ತಾನೆ. ಅವನ ಕಾಗದದಲ್ಲಿ ಒಂದು ನಂಬರು, ಕಬ್ಬಿಣದ ಮೇಲೆ ಇನ್ನೊಂದು. ಇದು ಯಾರ ಗಾಡಿ ಎಂದು ಕಂಪ್ಯೂಟರನ್ನು ಕೇಳಿದರೆ ಅದು ಹೇಳುತ್ತದೆ: ಮುನೀಂದ್ರನದು, ಕಳುವಾದದ್ದು. ಕಾನೂನು ಮುಖ ನೋಡುವುದಿಲ್ಲ, ನಂಬರು ನೋಡುತ್ತದೆ. ಕೆಂಪಣ್ಣ ಠಾಣೆಗೆ, ಲಾರಿ ಮನೆಗೆ. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೇತಮಂಗಲದ ಕೆರೆ ಏರಿಯ ಮೇಲೆ ಹೋಗಬೇಕು, ಅಪ್ಪ ಕರೆದುಕೊಂಡು ಹೋಗುತ್ತಿದ್ದ ಹಾಗೆ.

"ಎಕ್ಕಡ, ಎಲ್ಲಿ ಸಯಿನ್ ಆಕ್ಲಪ್ಪಾ?" ಎಂದು ವೆಂಕಟರತ್ನಮ್ಮ ಕನ್ನಡಕ ಸರಿಮಾಡಿಕೊಂಡು ಕೇಳಿದಳು. "ಏನು ಬರ್ದೇ ಇಲ್ವಲ್ಲ ಇದ್ರಾಗೆ?"

"ಆಮ್ಯಾಕೆ ಬರ್ಕೊಂತೀನಿ ದೊಡ್ಡಮ್ಮ. ಸತ್ತೋರ ಎಸರಲ್ಲಿ ಗಾಡಿ ಇರಬಾರ್ದು, ತೊಂದ್ರೆ. ಇಲ್ಲೊಂದು ಆಕಿ."

ಹೇಳಿದ ಮೇಲೆ ಅವನಿಗೇ ಅನುಮಾನ ಬಂತು. ಈ ಮಾತು ಎಲ್ಲೋ ಕೇಳಿದ ಹಾಗಿತ್ತಲ್ಲ? ಆದರೆ ಮುದುಕಿ ಕಳಕೊಳ್ಳುವುದಾದರೂ ಏನು, ಗುಜರಿಗೆ ಹೋದ ಗಾಡಿ ತಾನೆ ಎಂದು ಸಮಾಧಾನ ಮಾಡಿಕೊಂಡು ಕಾಗದ ಮಡಚಿದ. ಕೆಲವೇ ತಿಂಗಳಲ್ಲಿ ವರ್ಗಾವಣೆ ಮುಗಿಯಿತು. ಕೆಂಪಣ್ಣನ ಗಾಡಿ ಶೆಡ್ಡಿನಿಂದ ಹೊರಗೆ ಬರುವ ಮೊದಲೇ ದೂರೂ ದಾಖಲಾಯಿತು. ಹಳೇ ಲಾರಿ ಕದಿಯುವವನು ಯಾರಪ್ಪಾ ಎಂದು ಠಾಣೆಯಲ್ಲಿ ನಕ್ಕರು. ನಗಲಿ, ನಕ್ಕು ಮರೆಯಲಿ ಎನ್ನುವುದೇ ಅವನಿಗೂ ಬೇಕಿತ್ತು.

ಆಮೇಲೆ ಅವನು ಕಾದ. ಕಾಯುವುದರಲ್ಲಿ ಅವನು ಅಪ್ಪನ ಮಗ. ಕೆಂಪಣ್ಣ ಲಾರಿಯನ್ನು ಎಳೆಸಿ ತಂದು ಮಂಟಪದ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದ. ಮೆಕ್ಯಾನಿಕ್‌ಗಳು ಬಂದರು, ಬಣ್ಣದವರು ಬಂದರು, ಬಿಡಿಭಾಗ ಸಿಗದೆ ವರ್ಷ ಎರಡು ವರ್ಷ ಎಳೆದಾಡಿದರು. ಎಂಜಿನ್ ಎಂದೋ ಬದಲಾಗಿತ್ತು. ಬಾನೆಟ್ಟಿನೊಳಗಿನ ನಂಬರಿನ ತಗಡನ್ನು ಬಣ್ಣದವರು ಕಿತ್ತು ಎಲ್ಲೋ ಎಸೆದಿದ್ದರು. ಇನ್ನು ಆ ಗಾಡಿಯ ಗುರುತು ಅಂತ ಉಳಿದದ್ದು ಒಂದೇ, ಬಲಗಡೆಯ ಮುಂದಿನ ಚಕ್ರದ ಹಿಂದೆ ಚಾಸಿಯ ಪಟ್ಟಿಯ ಮೇಲೆ ಕೊರೆದ ನಂಬರು. ಇಷ್ಟು ಅನುಕೂಲವನ್ನು ದೇವರೇ ಒದಗಿಸಿಕೊಟ್ಟನಲ್ಲ ಎಂದು ಮುನೀಂದ್ರ ಮನಸ್ಸಿನಲ್ಲೇ ಕೈಮುಗಿದ.

ಗಾಡಿ ತಯಾರಾದ ಮೇಲೆ ಕೆಂಪಣ್ಣ ಅವನ ಬಳಿಗೇ ಬಂದ. ದಪ್ಪ ಚರ್ಮ ಎಂದರೆ ಇದು! "ರಿಜಿಸ್ಟ್ರೇಸನ್ ಲ್ಯಾಪ್ಸ್ ಆಗೈತೆ. ನೀನೇ ಮಾಡ್ಸಿಕೊಡ್ಲಾ, ನಿಮ್ಮಪ್ಪ ಓಡ್ಸಿದ ಗಾಡಿ."

"ನನ್ಗೆ ಕೈತುಂಬ ಕೆಲ್ಸ ಐತೆ ಮಾವ. ಸುಬ್ರಮಣಿಗೆ ಕೊಡಿ, ಬೇಗ ಮಾಡ್ತಾನೆ."

ಏಜೆಂಟ್ ಸುಬ್ರಮಣಿ ಎಂಥ ಸೋಮಾರಿ ಎನ್ನುವುದು ಟೀ ಅಂಗಡಿಯ ನಾಯಿಗೂ ಗೊತ್ತಿತ್ತು. ಚಾಸಿ ಪ್ರಿಂಟ್ ಬೇಕಾದರೆ ಅವನು ಗಾಡಿಯ ಕೆಳಗೆ ಬಗ್ಗುವ ಆಸಾಮಿಯಲ್ಲ. ಹಳೇ ಪುಸ್ತಕದಿಂದ ನಂಬರು ಬರೆದು ಅರ್ಜಿ ಗುಜರಾಯಿಸುತ್ತಾನೆ. ತಪಾಸಣೆಯ ದಿನದವರೆಗೆ ಆ ನಂಬರನ್ನು ಕಣ್ಣಿಟ್ಟು ನೋಡುವವರು ಯಾರೂ ಇಲ್ಲ. ಹಾಗೆಯೇ ಆಯಿತು.

ಇನ್ನು ಉಳಿದದ್ದು ಕೊರೆಯುವ ಕೆಲಸ. ಜಾಗ ಮಂಟಪದ ಹಿತ್ತಿಲು, ವಾಚ್‌ಮನ್ ಬೇರೆ ಇದ್ದಾನೆ. ರಾತ್ರಿ ಹೊತ್ತು ಸುತ್ತಿಗೆಯ ಒಂದು ಏಟು ಬಿದ್ದರೂ ಬೀದಿಗೆಲ್ಲ ಕೇಳುತ್ತದೆ. ಹಗಲೇ ಆಗಬೇಕು, ಜನ ತುಂಬಿರುವಾಗಲೇ ಆಗಬೇಕು. ಮದುವೆ ಮಂಟಪದಲ್ಲಿ ಎಲ್ಲರ ಕಣ್ಣೂ ಒಂದೇ ಕಡೆ ಇರುವ, ಎಲ್ಲರ ಕಿವಿಯೂ ಕಿವುಡಾಗುವ ಹೊತ್ತು ಒಂದಿದೆ. ತಾಳಿ ಕಟ್ಟುವಾಗ ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೈ ಬೀಸುತ್ತಾರಲ್ಲ, ಆಗ ಡೋಲಿನವನು ಹಗೆಯಿದ್ದವನ ಹಾಗೆ ಬಡಿಯುತ್ತಾನೆ. ಅಡುಗೆಯವರೂ ಸೌಟು ಬಿಟ್ಟು ಅಕ್ಷತೆ ಹಾಕಲು ಓಡುತ್ತಾರೆ. ತನ್ನದೇ ಮಂಟಪದ ಓಲಗ ಕೆಂಪಣ್ಣನ ಕುತ್ತಿಗೆಗೆ ಬೀಳುತ್ತದೆ ಎನ್ನುವುದನ್ನು ನೆನೆದು ಮುನೀಂದ್ರ ಒಬ್ಬನೇ ನಕ್ಕ.

ಮೊದಲನೇ ಮದುವೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದ. ಮಂಟಪದಲ್ಲಿ ನಿನ್ನನ್ನು ಕರೆದವರಾರು ಎಂದು ಕೇಳುವವರುಂಟೆ? ಗಂಡಿನವರು ಹೆಣ್ಣಿನ ಕಡೆಯವನು ಅಂದುಕೊಂಡರು, ಹೆಣ್ಣಿನವರು ಗಂಡಿನ ಕಡೆಯವನು ಅಂದುಕೊಂಡರು. ಓಲಗ ಶುರುವಾದ ಮೇಲೆ ಹಿತ್ತಿಲಿಗೆ ಜಾರಿ, ಅಂಗಿ ಬಿಚ್ಚಿಟ್ಟು, ಲಾರಿಯ ಕೆಳಗೆ ಮಲಗಿ ಅರದಿಂದ ಹಳೇ ನಂಬರನ್ನು ತೇಯ್ದ. ಮೇಲೆ ಎಮರಿ ಕಾಗದ ಉಜ್ಜಿದ. ಕಬ್ಬಿಣ ಮಿರಿಮಿರಿ ಮಿಂಚಿತು. ಅಪ್ಪ ದಿನಾ ಬೆಳಿಗ್ಗೆ ಕುಂಕುಮ ಸವರುತ್ತಿದ್ದ ಅಂಕಿಗಳು ಪುಡಿಯಾಗಿ ಮುಖದ ಮೇಲೆ ಉದುರಿದಾಗ ಮುನೀಂದ್ರನಿಗೆ ಅಳು ಬಂತು. ಅಳುತ್ತಲೇ ತೇಯ್ದ. ಎದ್ದು ಕೈತೊಳೆದು ಪಂಕ್ತಿಯಲ್ಲಿ ಕೂತು ಹೋಳಿಗೆ ಊಟ ಮಾಡಿ ಬಂದ.

ಎರಡನೇ ಮದುವೆ ತಪಾಸಣೆಗೆ ನಾಲ್ಕಾರು ದಿನ ಮುಂಚೆ. ಕಬ್ಬಿಣದ ಮೇಲೆ ಅಂಕಿ ಒತ್ತುವ ನಂಬರ್ ಪಂಚುಗಳನ್ನು ಅವನು ಹತ್ತಿರದಲ್ಲೆಲ್ಲೂ ಕೊಂಡಿರಲಿಲ್ಲ, ಚೆನ್ನೈನ ಗುಜರಿ ಸಂತೆಯಿಂದ ಹಳೇವು ತಂದಿದ್ದ. ಹಳೇ ಗಾಡಿಯ ಅಂಕಿಗೆ ಹಳೇ ವರಸೆಯೇ ಬೇಕು. ಕಾಗದದ ಮೇಲೆ, ಸೀಸದ ತುಂಡಿನ ಮೇಲೆ, ಕಬ್ಬಿಣದ ಪಟ್ಟಿಯ ಮೇಲೆ ತಿಂಗಳುಗಟ್ಟಲೆ ಹೊಡೆದು ಕೈ ಪಳಗಿಸಿಕೊಂಡಿದ್ದ. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಹುಡುಗಿಯರಿಂದ ಪನ್ನೀರು ಚಿಮುಕಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು ಒಳಗೆ ಹೋದ. ಕೆಂಪಣ್ಣ ಮುಂದಿನ ಸಾಲಿನಲ್ಲಿ ಜರಿ ಪಂಚೆ ಉಟ್ಟು ಕೂತಿದ್ದ. ಅವನಿಗೊಂದು ನಮಸ್ಕಾರ ಹೊಡೆದೇ ಹಿತ್ತಿಲಿಗೆ ಹೋದ.

ಗಟ್ಟಿಮೇಳ ಎದ್ದಿತು. ಡೋಲಿನ ಜೊತೆಗೆ ಸುತ್ತಿಗೆ ಎದ್ದಿತು. ಅಂಕಿ ಬಿದ್ದವು, ಒಂದರ ಪಕ್ಕ ಒಂದು, ಓರೆಯಿಲ್ಲದೆ, ಒಂದೇ ಆಳಕ್ಕೆ. ಒಳಗೆ ಯಾರಿಗೋ ತಾಳಿ ಬಿತ್ತು, ಹೊರಗೆ ಕೆಂಪಣ್ಣನಿಗೆ ಕುಣಿಕೆ ಬಿತ್ತು. ಓಲಗ ಇಳಿಯುವಷ್ಟರಲ್ಲಿ ಸುತ್ತಿಗೆ ಚೀಲ ಸೇರಿತ್ತು. ಆಮೇಲಿನದು ಸದ್ದಿಲ್ಲದ ಕೆಲಸ. ಬ್ಯಾಟರಿ ಆಸಿಡ್ಡಿಗೆ ಉಪ್ಪುನೀರು ಬೆರೆಸಿ ಬಟ್ಟೆಯಿಂದ ಒತ್ತಿ ಒತ್ತಿ ತುಕ್ಕು ಬರಿಸಿದ. ಅದು ಹಿಡಿಯುವವರೆಗೆ ಹಾಗೇ ಮಲಗಿದ್ದ. ಊಟದ ಪಂಕ್ತಿಯ ಗಲಾಟೆ ಕೇಳುತ್ತಿತ್ತು, ಹುಳಿಯ ಘಮ ಬರುತ್ತಿತ್ತು. ಯಾರೂ ಬರಲಿಲ್ಲ.

ತುಕ್ಕು ಕೂತ ಮೇಲೆ, ಕಣ್ಣನ್ನು ನಂಬಬಾರದೆಂದು ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ. ನಂಬರು ಹಲ್ಲಿನ ಸಾಲಿನ ಹಾಗೆ ನೆಟ್ಟಗೆ ಮೂಡಿತು. ತಿಂಗಳುಗಳಿಂದ ಬಿಗಿಹಿಡಿದಿದ್ದ ಉಸಿರು ಆಗ ಬಿಟ್ಟ. ಗ್ರೀಸಿಗೆ ಮಣ್ಣು ಬೆರೆಸಿ ಸವರಿದ. ಈ ಮಣ್ಣಿನ ವಿಷಯದಲ್ಲೂ ಅವನು ಯೋಚನೆ ಮಾಡಿದ್ದ. ಚಿನ್ನ ತೆಗೆದ ಮೇಲೆ ಗಣಿಯವರು ರಾಶಿ ಹಾಕಿದ ಸೈನೈಡ್ ದಿಬ್ಬದ ಬೆಳ್ಳನೆ ಧೂಳು ಕೆಜಿಎಫ್‌ನವರ ಚೀಲದಲ್ಲಿ, ಚಪ್ಪಲಿಯಲ್ಲಿ, ಎಲ್ಲೆಲ್ಲೂ ಇರುತ್ತದೆ. ಅದರ ಒಂದು ಕಣ ಇಲ್ಲಿ ಬಿದ್ದರೂ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಆದ್ದರಿಂದ ಚಪ್ಪಲಿಯನ್ನು ಹೊರಗೇ ಬಿಟ್ಟು, ಶೆಡ್ಡಿನ ನೆಲದ ಕೆಂಪು ಮಣ್ಣನ್ನೇ ಕೆರೆದು ಬೆರೆಸಿದ್ದ. ಯಾವ ಪೊಲೀಸಿಗೆ ಇಷ್ಟು ತಲೆಯಿದೆ? ಅಪ್ಪನ ಗಾಡಿಗೆ ಎರಡೂ ಕೈ ಒತ್ತಿ, ಕಣ್ಣಿಗೊತ್ತಿಕೊಂಡು, ಎಂದಿನಂತೆ ಬೆನ್ನ ಮೇಲೆ ಜಾರಿ ಹೊರಗೆ ಬಂದ.

ನಲ್ಲಿಯ ಹತ್ತಿರ ಕೈ ತೊಳೆಯುವಾಗ ಉಂಗುರದ ಬೆರಳ ತುದಿ ಕೆಂಪಗೆ ಕಂಡಿತು. ಮದುವೆ ಮನೆ, ಹಣೆ ಒರೆಸಿಕೊಂಡಿರಬೇಕು ಎಂದುಕೊಂಡು ಸೋಪು ಹಾಕಿ ತಿಕ್ಕಿದ. ಪ್ರಿಂಟ್ ತೆಗೆದ ಕಾಗದವನ್ನು ಒಲೆಗೆ ಹಾಕಿದ. ಪಂಚುಗಳನ್ನು ಬೇತಮಂಗಲದ ಕೆರೆಗೆ ಎಸೆದು, ನೀರಿಗೊಂದು ನಮಸ್ಕಾರ ಹಾಕಿ ಮನೆಗೆ ಹೋದ.

"ಏನ್ಲಾ, ಮಖ ಇಷ್ಟು ಕಳೆಕಳೆಯಾಗೈತೆ?" ಎಂದಳು ಮುತ್ಯಾಲಮ್ಮ.

"ಇನ್ನೊಂದು ವಾರ ತಡ್ಕೊಳವ್ವಾ. ನಿನ್ಗೊಂದು ತೋರಿಸ್ತೀನಿ."

ತಪಾಸಣೆಯ ದಿನ ಕೆಂಪಣ್ಣ ಲಾರಿಯನ್ನು ತಾನೇ ಓಡಿಸಿಕೊಂಡು ಬಂದ. ಕಡುನೀಲಿ ಬಣ್ಣ, ಮೂತಿಗೆ ಚೆಂಡುಹೂವಿನ ಹಾರ, ಅಡ್ಡಲಾಗಿ ಮೂರು ಪಟ್ಟೆ ವಿಭೂತಿ. ಅದರ ಕೆಳಗೆ ದಪ್ಪಕ್ಷರದಲ್ಲಿ ಅವನ ಅಪ್ಪನ ಹೆಸರು. ಜನ ಸುತ್ತ ಸೇರಿ ಮೊಬೈಲ್ ಎತ್ತಿದರು. ಮುನೀಂದ್ರ ಬೇವಿನ ಮರದ ಕೆಳಗೆ ಯಾರದೋ ಆಟೋ ಕಾಗದ ಹಿಡಿದು, ತನಗೂ ಇದಕ್ಕೂ ಸಂಬಂಧವೇ ಇಲ್ಲದವನ ಹಾಗೆ ನಿಂತಿದ್ದ.

ಸುಬ್ರಮಣಿ ಪುಸ್ತಕ ಹಿಡಿದು ನಿಂತ. ಶಶಿರೇಖ ಅವರು ಚಕ್ರದ ಪಕ್ಕದಿಂದ ಟಾರ್ಚ್ ಬಿಟ್ಟು ಅಂಕಿಗಳನ್ನು ಒಂದೊಂದಾಗಿ ಓದಿದರು. ಎರಡನೇ ಅಂಕಿಗೇ ಸುಬ್ರಮಣಿಯ ಮುಖ ಬದಲಾಯಿತು. ಅವರು ಇನ್ನೊಮ್ಮೆ ಓದಿದರು, ಮೂರನೇ ಸಲ ಓದಿದರು. ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕೂತು ಎದ್ದು ಬಂದಾಗ ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

"ಕೆಂಪಣ್ಣನವರೇ, ನಿಮ್ಮ ಪುಸ್ತಕದಲ್ಲಿರೋ ನಂಬರ್ ಈ ಗಾಡೀದಲ್ಲ. ಚಾಸಿ ಮೇಲಿರೋ ನಂಬರ್ ಗಾಡಿ ಕಳುವಾಗಿದೆ ಅಂತ ಕಂಪ್ಲೇಂಟ್ ಇದೆ. ಮುನೀಂದ್ರ, ಬನ್ರೀ ಇಲ್ಲಿ. ಇದು ನಿಮ್ಮ ಹೆಸರಲ್ಲಿದೆಯಲ್ರೀ!"

ಮುನೀಂದ್ರ ಬಾಯಿ ತೆರೆದು, ಆಟೋ ಕಾಗದ ಕೆಳಗೆ ಬೀಳಿಸಿ, ಓಡಿ ಬಂದ. ಆ ಕಾಗದ ಬೀಳಿಸುವುದನ್ನೂ ಅವನು ಮನೆಯಲ್ಲಿ ಅಭ್ಯಾಸ ಮಾಡಿದ್ದ. "ನನ್ದಾ ಮೇಡಂ? ವೆಂಕಟರತ್ನಮ್ಮನೋರಿಂದ ತಗೊಂಡಿದ್ದು? ಅಯ್ಯೋ, ಅದು ಓಗಿ ಎಷ್ಟೋ ಕಾಲ ಆಯ್ತಲ್ಲ!"

ಫೋನು ಹೋಯಿತು. ಠಾಣೆಯಿಂದ ಇಬ್ಬರು ಬಂದರು. ಅಷ್ಟು ಹೊತ್ತೂ ಕೆಂಪಣ್ಣ ಬೆವರು ಒರೆಸಿಕೊಳ್ಳುತ್ತಾ, ಒಮ್ಮೆ ಗಾಡಿಯ ಕಡೆ, ಒಮ್ಮೆ ಮುನೀಂದ್ರನ ಕಡೆ ನೋಡುತ್ತಾ ನಿಂತಿದ್ದ. ಪೊಲೀಸಿನವನು ರಟ್ಟೆಗೆ ಕೈ ಹಾಕಿದಾಗ ಅವನ ಬಾಯಿ ಒಡೆಯಿತು.

"ನಾನು ಕದ್ದಿಲ್ಲ ಸಾಮೀ! ಇದು ದೊಡ್ಡವೆಂಕಟಪ್ಪನ ಗಾಡಿ! ಇವರಪ್ಪಂದೇ! ನಾನು ಇದ್ರಾಗೆ ಕ್ಲೀನರ್ ಆಗಿದ್ದೆ, ಸಯಿನ್ ಆಕಿಸ್ಕೊಂಡು ನನ್ನ ಎಸರಿಗೆ ಮಾಡ್ಕೊಂಡೆ, ಅದು ನಿಜ. ಬೇರೆ ಯಾರ ಗಾಡೀನೂ ಅಲ್ಲ ಇದು! ಏಳ್ಲಾ ಮುನೀಂದ್ರ, ನಿಮ್ಮಪ್ಪನ ಗಾಡಿ ನಿನ್ಗೆ ಗುರ್ತಿಲ್ವೇನ್ಲಾ?"

ಟೀ ಅಂಗಡಿಯವನು ಕೂಡ ಹೊರಗೆ ಬಂದು ನಿಂತಿದ್ದ. ಅಪ್ಪ ಸಾಯುವವರೆಗೂ ಕೇಳಬೇಕೆಂದು ಹಂಬಲಿಸಿದ ಮಾತು ಇದು. ಕೆಂಪಣ್ಣ ಅದನ್ನು ಊರ ಮುಂದೆ ಕೂಗಿ ಹೇಳಿದ್ದ. ಹೌದು ಎಂದು ಒಂದು ಮಾತು ಅಂದರೆ ಸಾಕು, ಅಪ್ಪನ ಹೆಸರು ಅಪ್ಪನಿಗೆ ವಾಪಸು ಬರುತ್ತಿತ್ತು. ಆದರೆ ಹೌದು ಎಂದರೆ ಕಬ್ಬಿಣದ ಮೇಲಿನ ನಂಬರು ಸುಳ್ಳಾಗುತ್ತದೆ, ಕೆಂಪಣ್ಣ ಮನೆಗೆ ಹೋಗುತ್ತಾನೆ. ಮುನೀಂದ್ರನೊಳಗೆ ಹಗೆ ಗೆದ್ದಿತು.

"ಇಲ್ಲ ಮೇಡಂ. ಇದು ನಮ್ಮಪ್ಪನ ಗಾಡಿ ಅಲ್ಲ," ಎಂದ.

"ಕಳುವಾದ ಮೇಲೆ ಇದ್ನ ಎಲ್ಲಾದ್ರೂ ನೋಡಿದ್ರಾ? ಅವರ ಮಂಟಪದ ಹತ್ರ ಏನಾದ್ರೂ?"

"ಮದುವೆಗೆ ಓಗಿದ್ದೆ, ಊಟ ಮಾಡಿ ಬಂದೆ. ಇದ್ರ ಅತ್ರಾನೂ ಓಗಿಲ್ಲ ಮೇಡಂ, ಕೈಯಲ್ಲಿ ಮುಟ್ಟೂ ಇಲ್ಲ. ಕಣ್ಣಾರೆ ನೋಡ್ತಿರೋದೇ ಇವತ್ತು. ಬೇಕಾದ್ರೆ ಬರ್ಕೊಳಿ."

ಪೊಲೀಸಿನವನು ಬರೆದುಕೊಂಡ. ಕೆಂಪಣ್ಣ ನೆಲದ ಮೇಲೆ ಕುಕ್ಕರಿಸಿ ಕೂತ, ಚಕ್ರಕ್ಕೆ ಕಲ್ಲು ಕೊಡಲು ಕೂರುತ್ತಿದ್ದ ಹಾಗೆಯೇ. ಅದನ್ನು ನೋಡಿದಾಗ ಮುನೀಂದ್ರನಿಗೆ ಮೈಯೆಲ್ಲ ಹಗುರಾಯಿತು. ಗಾಡಿ ಬಿಡಿಸಿಕೊಂಡ ದಿನವೇ ಮೂತಿಯ ಮೇಲಿನ ಹೆಸರನ್ನು ಅಳಿಸಬೇಕು, ಅಮ್ಮನಿಗೆ ಹೊಸ ಸೀರೆ ಉಡಿಸಿ ಹತ್ತಿಸಬೇಕು ಎಂದು ಆಗಲೇ ಯೋಚಿಸತೊಡಗಿದ್ದ.

"ಒಂದು ನಿಮಿಷ, ಪೊಲೀಸರ ಫೈಲಿಗೆ ಪ್ರಿಂಟ್ ಬೇಕು. ಇವತ್ತು ನಾನೇ ತೆಗೀತೀನಿ," ಎಂದು ಶಶಿರೇಖ ಅವರು ಈ ಸಲ ಚಕ್ರದ ಹಿಂದೆ ಪೂರ್ತಿ ನುಗ್ಗಿ, ನಂಬರಿನ ಮೇಲಿನ ಜಿಡ್ಡನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೆಬ್ಬೆರಳಿನಿಂದ ಒರೆಸಿದರು. ಕಾಗದ ಕೇಳಲಿಲ್ಲ, ಪೆನ್ಸಿಲ್ ಕೇಳಲಿಲ್ಲ. ಸುಮಾರು ಹೊತ್ತಾದ ಮೇಲೆ ಹೊರಗೆ ಬಂದು ಹೆಬ್ಬೆರಳನ್ನು ಬಿಸಿಲಿಗೆ ಹಿಡಿದು, ಮೂಗಿನ ಹತ್ತಿರ ತಂದರು. ಕಪ್ಪು ಜಿಡ್ಡಿನ ನಡುವೆ ಹಸಿ ಹಸಿಯಾದ ಕೆಂಪು ಇತ್ತು. "ಅತ್ರಾನೂ ಓಗಿಲ್ಲ ಅಂದ್ರಲ್ಲ ಮುನೀಂದ್ರ," ಎಂದರು ಮೆಲ್ಲಗೆ, ರೇಗಿಸುವ ದನಿಯಲ್ಲಲ್ಲ, "ಹರಳೆಣ್ಣೆ ಇನ್ನೂ ಒಣಗಿಲ್ಲ ನೋಡಿ." ಪ್ರಿಂಟು, ಗ್ರೀಸು, ಆಮೇಲೆ? ಆಮೇಲೆ ಏನು ಮಾಡಿದೆ ಎಂದು ಮುನೀಂದ್ರ ಆ ಮಧ್ಯಾಹ್ನವನ್ನು ನೆನಪಿಗೆ ತಂದುಕೊಳ್ಳಲು ಹೆಣಗಿದ. ಮನಸ್ಸಿಗೆ ಅದು ಸಿಗಲಿಲ್ಲ, ಆದರೆ ಎಲ್ಲರೂ ನೋಡುತ್ತಿರುವಾಗಲೇ ಅವನ ಕೈ ತನ್ನಷ್ಟಕ್ಕೆ ತಾನು ಪ್ಯಾಂಟಿನ ಜೇಬಿಗೆ ಹೋಗಿ, ಅಮ್ಮ ಬೆಳಿಗ್ಗೆ ತಾನೇ ತುಂಬಿಸಿ ಕೊಟ್ಟಿದ್ದ ಡಬ್ಬಿಯನ್ನು ಹಿಡಿದುಕೊಂಡಿತು.